ತತ್ತಿಗೆ ಉಗುರು ತಾಗಿಸುವ ಮುನ್ನ

ಕಾವಿಗೆ ಇಟ್ಟ ಕೋಳಿತತ್ತಿಯಿಂದ ಸಾಮಾನ್ಯವಾಗಿ 21ನೇ ದಿನ ಮರಿ ಹೊರಬರುತ್ತದೆ. ಆದರೆ ಆ ಕೆಲಸ ಶುರುವಾಗುವುದು ಒಂದೆರಡು ದಿನ ಮೊದಲೇ, ಯಾರ ಕಣ್ಣಿಗೂ ಬೀಳದ ಹಾಗೆ. ತತ್ತಿಯ ದಪ್ಪ ತುದಿಯಲ್ಲಿ ಚಿಪ್ಪಿಗೂ ಪೊರೆಗೂ ನಡುವೆ ಗಾಳಿ ತುಂಬಿದ ಸಣ್ಣ ಕೋಶವಿರುತ್ತದೆ. 19 ಅಥವಾ 20ನೇ ದಿನದ ಸುಮಾರಿಗೆ ಮರಿ ಕೊಕ್ಕಿನಿಂದ ಆ ಕೋಶದೊಳಕ್ಕೆ ತೂತು ಕೊರೆದು ಮೊದಲ ಬಾರಿ ಶ್ವಾಸಕೋಶದಿಂದ ಉಸಿರಾಡುತ್ತದೆ. ಅಲ್ಲಿಯವರೆಗೆ ಅದನ್ನು ಬದುಕಿಸಿದ್ದು ಚಿಪ್ಪಿನ ಒಳಮೈಗೆ ಹಬ್ಬಿದ ರಕ್ತನಾಳಗಳ ಜಾಲ. ತತ್ತಿಯನ್ನು ಕಿವಿಯ ಹತ್ತಿರ ಹಿಡಿದರೆ ಈ ಹಂತದಲ್ಲಿ ಟಿಕ್ ಟಿಕ್ ಸದ್ದು, ಒಮ್ಮೊಮ್ಮೆ ಚಿಂವ್ ಎಂಬ ದನಿಯೂ ಕೇಳುತ್ತದೆ. ಪಕ್ಕಪಕ್ಕದ ತತ್ತಿಗಳು ಈ ಸದ್ದಿನಿಂದಲೇ ಒಂದಕ್ಕೊಂದು ಸೂಚನೆ ಕೊಟ್ಟು ಹೆಚ್ಚುಕಡಿಮೆ ಒಟ್ಟಿಗೆ ಒಡೆಯುತ್ತವೆಂದು ಮಾರ್ಗರೆಟ್ ವಿನ್ಸ್ 1960ರ ದಶಕದಲ್ಲಿ ಲಾವಕ್ಕಿ ತತ್ತಿಗಳಲ್ಲಿ ತೋರಿಸಿಕೊಟ್ಟರು.

ಕೋಶದ ಗಾಳಿ ಕೆಲವು ಗಂಟೆಗಳಲ್ಲಿ ಕೆಡುತ್ತದೆ; ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆಗ ಕತ್ತಿನ ಹಿಂಭಾಗದ ದಪ್ಪ ಸ್ನಾಯು ಸೆಟೆದು, ಮೇಲ್ಕೊಕ್ಕಿನ ತುದಿಯ ಗಟ್ಟಿ ಮೊನೆ ಚಿಪ್ಪಿಗೆ ಬಡಿದು ಮೊದಲ ಬಿರುಕು ಬೀಳುತ್ತದೆ. ನೋಡುವವರ ಪಾಲಿಗೆ ಕೆಲಸ ಶುರುವಾದದ್ದು ಇಲ್ಲಿಂದ. ಮರಿಯಾದರೋ ಇದಾದ ಮೇಲೆ 12ರಿಂದ 24 ಗಂಟೆ ಸುಮ್ಮನಾಗಿಬಿಡುತ್ತದೆ.

ಸುಮ್ಮನಿರುವುದು ಹೊರಗಿನವರಿಗೆ ಕಾಣುವ ಮಾತು ಮಾತ್ರ. ಆ ಹೊತ್ತಿನಲ್ಲಿ ರಕ್ತನಾಳಗಳೊಳಗಿನ ರಕ್ತ ಮರಿಯ ಮೈಗೆ ಹಿಂದಿರುಗುತ್ತದೆ, ಉಳಿದ ಹಳದಿ ಬಂಡಾರ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರುತ್ತದೆ, ಹೊಕ್ಕುಳು ಮುಚ್ಚಿಕೊಳ್ಳುತ್ತದೆ. ಆ ಬಂಡಾರವೇ ಹುಟ್ಟಿದ ಮರಿಗೆ ಎರಡು ಮೂರು ದಿನದ ಬುತ್ತಿ. ಕೊಲ್ಹಾಪುರದ ಸರಕಾರಿ ಮರಿ ಕೇಂದ್ರದಂಥ ಕಡೆಯಿಂದ ಒಂದು ದಿನದ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ಕಾಳು ನೀರಿಲ್ಲದೆ ಊರೂರಿಗೆ ಒಯ್ಯಲು ಸಾಧ್ಯವಾಗುವುದು ಅದರಿಂದಲೇ. ಇಷ್ಟೆಲ್ಲ ಮುಗಿದ ಮೇಲೆ ಮರಿ ಮತ್ತೆ ಎದ್ದು, ತಾನೇ ಸುತ್ತುತ್ತ ಚಿಪ್ಪಿನ ದಪ್ಪ ತುದಿಯನ್ನು ಮುಚ್ಚಳದ ಹಾಗೆ ಕತ್ತರಿಸುತ್ತದೆ. ಈ ಕೊನೆಯ ಕೆಲಸ ಕೆಲವೊಮ್ಮೆ ಒಂದು ಗಂಟೆಯೊಳಗೇ ಮುಗಿಯುತ್ತದೆ, ಕೆಲವೊಮ್ಮೆ ಹಲವು ಗಂಟೆ ಹಿಡಿಯುತ್ತದೆ.

ಶಿರೋಳ ತಾಲ್ಲೂಕಿನ ದತ್ತವಾಡದಲ್ಲಿ, ದೂಧಗಂಗೆಯ ಆಚೆ ಸದಲಗಾ ಕಡೆಯಲ್ಲೂ, ಮರಿ ಮಾಡಿಸುವ ಹಳೆಯ ಕ್ರಮವೆಂದರೆ ಖುಡುಕ, ಅಂದರೆ ಕಾವಿಗೆ, ಕೂತ ಜವಾರಿ ಕೋಳಿಯ ಕೆಳಗೆ, ಕಬ್ಬಿನ ರವದಿ ಹಾಸಿದ ಬುಟ್ಟಿಯಲ್ಲಿ ತತ್ತಿ ಇಡುವುದು. ಕೋಳಿಯ ಕೆಳಗಿನ ತತ್ತಿಗೆ ಮನುಷ್ಯರ ಸಹಾಯ ಬೇಕಾಗುವುದು ತೀರ ಅಪರೂಪ. ತಾಯಿಕೋಳಿ ಚಿಪ್ಪು ಬಿಡಿಸಲು ಹೋಗುವುದಿಲ್ಲ. ಮೈಯ ಬಿಸಿ, ತೇವ, ಒಂದಿಷ್ಟು ಗುಟುರು, ಇಷ್ಟೇ ಅದರ ಉಪಕಾರ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜದಂಥ ಸುಧಾರಿತ ತಳಿಗಳು ಕಾವಿಗೆ ಕೂರುವುದು ಕಡಿಮೆ. ಅವು ಹಿತ್ತಿಲಿಗೆ ಬಂದಂತೆ ತತ್ತಿಗೆ ಕಾವು ಕೊಡುವ ಸಣ್ಣ ಮಷೀನುಗಳೂ ಬಂದವು, ಮಷೀನಿನ ಜೊತೆ ತೊಂದರೆಗಳೂ ಬಂದವು. ಫ್ಯಾನು ಇರುವ ಮಷೀನಿನಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರಬೇಕು. ತೇವಾಂಶ ಮೊದಲ 18 ದಿನ ಶೇ 50ರ ಆಸುಪಾಸು, ಆಮೇಲೆ ತತ್ತಿ ಹೊರಳಿಸುವುದನ್ನು ನಿಲ್ಲಿಸಿ ಶೇ 65ರಿಂದ 70. ಕೊನೆಯ ಮೂರು ದಿನ ಮುಚ್ಚಳ ತೆಗೆದರೆ ತೇವ ಒಮ್ಮೆಲೇ ಹಾರಿಹೋಗುತ್ತದೆ. ಆಗ ಬಿರುಕು ಬಿಟ್ಟ ತತ್ತಿಯ ಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟುತ್ತದೆ, ಮರಿ ಸುತ್ತಲಾರದೆ ಸಿಕ್ಕಿಬೀಳುತ್ತದೆ.

ಈ ಲೇಖನ ಬರೆದವರ ದತ್ತವಾಡದ ಮನೆಯಲ್ಲಿ ಒಂದು ಬೇಸಿಗೆ ಇದೆಲ್ಲ ಒಟ್ಟಿಗೆ ನಡೆಯಿತು. ಜಾತ್ರೆಗೆಂದು ಬಂದಿದ್ದ ಬೀಗರ ಪೈಕಿಯ ಹಿರಿಯರೊಬ್ಬರು ಮಕ್ಕಳಿಗೆ ತೋರಿಸುವ ನೆಪದಲ್ಲಿ ಮಧ್ಯಾಹ್ನದಿಂದ ಮುಚ್ಚಳ ತೆಗೆಯುತ್ತಲೇ ಇದ್ದರು. ಬೇಡವೆಂದರೆ ನಗುತ್ತಿದ್ದರು. ಸಂಜೆಯ ಹೊತ್ತಿಗೆ ಬಿರುಕಿನ ಅಂಚಿನ ಬಿಳಿ ಪೊರೆ ಹಳದಿಗೆ ತಿರುಗಿತ್ತು. ರಾತ್ರಿ ಕರೆಂಟು ಹೋಯಿತು. ಮಷೀನಿಗೆ ಕಂಬಳಿ ಹೊದಿಸಿ, ಒಳಗಿಡಲು ಬಿಸಿನೀರು ಕಾಯಿಸುತ್ತ ಮನೆಯಾಕೆ ಒಲೆಯ ಮುಂದಿದ್ದರು. ಹಿರಿಯರು ಮೊಬೈಲ್ ಬೆಳಕಿನಲ್ಲಿ ಒಂದು ತತ್ತಿ ಕೈಗೆತ್ತಿಕೊಂಡಿದ್ದರು. “ಎಷ್ಟೊತ್ತಂತ ನೋಡ್ತೀ ತಂಗಿ, ಒಳಗ ಉಸರ ಕಟ್ಟಿ ಸಾಯ್ತೈತಿ ಅದು” ಎನ್ನುತ್ತಲೇ ಉಗುರು ಹಾಕಿದರು. ಮೊದಲ ಚೂರು ಸಲೀಸಾಗಿ ಬಂತು. ಅದು ಗಾಳಿಕೋಶದ ಮೇಲಿನದು, ಬರಲೇಬೇಕು. ಅದರಿಂದ ಹುರುಪು ಬಂದು ಎರಡನೆಯದನ್ನು ಎಳೆದಾಗ ಪೊರೆಯೂ ಜೊತೆಗೆ ಹರಿಯಿತು. ಪೊರೆಯ ಮೇಲೆ ಕೂದಲಿನಷ್ಟು ಸಣ್ಣ ಕೆಂಪು ಎಳೆ, ಅದರ ತುದಿಯಲ್ಲಿ ಒಂದು ಹನಿ ಮೂಡಿ ಹಿರಿಯರ ಹೆಬ್ಬೆರಳಿಗೆ ಇಳಿಯಿತು. ಅರಿವೆ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. 40 ಗ್ರಾಮಿನ ಮರಿಯ ಮೈಯಲ್ಲಿರುವ ರಕ್ತವೇ ಒಂದು ಚಹಾ ಚಮಚಕ್ಕಿಂತ ಕಡಿಮೆ. ಅದರಲ್ಲಿ ನಾಲ್ಕು ಹನಿ ಹೋದರೂ ಸಣ್ಣ ಮಾತಲ್ಲ. ಅಷ್ಟರಲ್ಲಿ ಚಿಪ್ಪಿನ ಕೆಳಭಾಗವೂ ಬಿರಿದು, ಹೊಟ್ಟೆಯೊಳಗೆ ಹೋಗದೆ ಉಳಿದಿದ್ದ ಹಳದಿ ಚೀಲ ಹೊರಗೆ ಜೋತುಬಿತ್ತು. ಮರಿ ಬಾಯಿ ತೆರೆದು ಮುಚ್ಚುತ್ತಿತ್ತು, ದನಿ ಬರುತ್ತಿರಲಿಲ್ಲ. ಬೆಳಗಿನ ತನಕ ಅದು ಉಳಿಯಲಿಲ್ಲ. ಪಕ್ಕದಲ್ಲೇ ಇದ್ದ, ಯಾರ ಕೈಗೂ ಸಿಗದ ತತ್ತಿ ಮಾತ್ರ ಮರುದಿನ ತಾನಾಗಿಯೇ ಒಡೆಯಿತು. ಇನ್ನೊಂದರ ಪೊರೆ ಗಟ್ಟಿಯಾಗಿದ್ದರಿಂದ ತೇವ ಮಾಡಿ, ಕಾದು, ಬಿಡಿಸಬೇಕಾಯಿತು, ಅದೂ ಬದುಕಿತು. ಮಷೀನೇ ಸರಿಯಿಲ್ಲ ಎಂಬ ತೀರ್ಪು ಕೊಟ್ಟು ಹಿರಿಯರು ಊರಿಗೆ ಹೋದರು. ಇಂದಿಗೂ ಅವರ ವಾದ ಅದೇ.

ಕೈ ಹಾಕಬೇಕೋ ಬೇಡವೋ ಎಂಬುದನ್ನು ಗಡಿಯಾರಕ್ಕಿಂತ ಪೊರೆ ಚೆನ್ನಾಗಿ ಹೇಳುತ್ತದೆ. ಪೊರೆ ಬಿಳಿಯಾಗಿ ಹಸಿಯಾಗಿದ್ದರೆ ಮುಟ್ಟಬಾರದು. ಮರಿ ಏನೋ ಅಗಿಯುವಂತೆ ಕೊಕ್ಕು ಆಡಿಸುತ್ತಿದ್ದರೆ ಹಳದಿ ಇನ್ನೂ ಒಳಗೆ ಹೋಗುತ್ತಿದೆಯೆಂದೇ ತಿಳಿಯಬೇಕು. ಬಿರುಕು ಬಿಟ್ಟು 24 ಗಂಟೆ ದಾಟಿದೆ, ಪೊರೆ ಕಂದು ಬಣ್ಣಕ್ಕೆ ತಿರುಗಿ ಚರ್ಮದಂತಾಗಿದೆ, ದನಿ ಕ್ಷೀಣಿಸುತ್ತಿದೆ ಎಂದಾದರೆ ಮಾತ್ರ ಸಹಾಯದ ಮಾತು. ಚೂಪು ತುದಿಯಲ್ಲಿ ಬಿರುಕು ಬಿದ್ದಿದ್ದರೆ ಮರಿ ತಲೆಕೆಳಗಾಗಿದೆ ಎಂದರ್ಥ; ಅಂಥವೂ ಎಷ್ಟೋ ತಾವಾಗಿಯೇ ಬರುತ್ತವೆ, ಆದರೆ ಅವುಗಳ ಮೇಲೆ ಹೆಚ್ಚಿನ ಕಣ್ಣಿರಬೇಕು.

ಸಹಾಯವೆಂದರೆ ಮೊದಲು ತೇವ. ಕೈ ತೊಳೆದು, ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಪೊರೆಯನ್ನು ಒತ್ತಬೇಕು, ಮೂಗಿನ ಹೊಳ್ಳೆಗೆ ನೀರು ಹೋಗಬಾರದು. ಒದ್ದೆಯಾದ ಪೊರೆ ಪಾರದರ್ಶಕವಾಗುತ್ತದೆ. ಕೆಂಪು ಎಳೆ ಕಂಡರೆ ಅಲ್ಲಿಗೇ ಬಿಟ್ಟು, ತತ್ತಿಯನ್ನು ಮಷೀನಿಗೆ ಸೇರಿಸಿ ಕೆಲವು ಗಂಟೆ ಕಾಯಬೇಕು. ಕಾಣದಿದ್ದರೆ ಗಾಳಿಕೋಶದ ಮೇಲಿನ ಚಿಪ್ಪನ್ನಷ್ಟೇ ಚೂರುಚೂರಾಗಿ ತೆಗೆದು ತಲೆಯನ್ನು ಸಡಿಲ ಮಾಡಿದರೆ ಸಾಕು. ಹಿಂಭಾಗ ಚಿಪ್ಪಿನಲ್ಲೇ ಇರಲಿ, ಅದನ್ನು ಒದ್ದುಕೊಂಡು ಬರುವುದು ಮರಿಯ ಕೆಲಸ. ಹೊಕ್ಕುಳಿಗೆ ಅಂಟಿದ ಎಳೆಯನ್ನು ಜಗ್ಗಬಾರದು, ಅದು ಒಣಗಿ ಬೀಳುತ್ತದೆ. ಆ ಜಾಗಕ್ಕೆ ಅಯೋಡಿನ್ ಹಚ್ಚುವುದು ಒಳ್ಳೆಯದು. ಹೊರಬಂದ ಮರಿ ರೆಕ್ಕೆಪುಕ್ಕ ಒಣಗುವವರೆಗೆ ಮಷೀನಿನಲ್ಲೇ ಇದ್ದು, ಆಮೇಲೆ 35 ಡಿಗ್ರಿ ಸುಮಾರಿನ ಬಲ್ಬಿನ ಕೆಳಗೆ ಹೋಗಬೇಕು. ನುಣುಪಾದ ಪೇಪರ್ ಹಾಸಿದರೆ ಕಾಲು ಜಾರಿ ಅಗಲಿಸುತ್ತವೆ, ಗೋಣಿತಟ್ಟು ಮೇಲು.

23ನೇ ದಿನ ಕಳೆದರೂ ಬಿರುಕು ಬಿಡದ ತತ್ತಿಗಳನ್ನು ಕತ್ತಲೆಯಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು ನೋಡಬೇಕು. ಅಲುಗಾಟವಿಲ್ಲದವನ್ನು ಹೊರಗೆ ಒಯ್ದು ಹೂಳುವುದು ಲೇಸು. ಮಷೀನಿನಲ್ಲೇ ಬಿಟ್ಟರೆ ಕೊಳೆತು ಸಿಡಿದು ಮುಂದಿನ ಸರದಿಯ ತತ್ತಿಗಳನ್ನೂ ಕೆಡಿಸುತ್ತವೆ.