ಅಮೃತಬಳ್ಳಿಯೂ ಯಕೃತ್ತೂ

ಮನುಷ್ಯನ ಉದರದ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಕಂದುಗೆಂಪು ಬಣ್ಣದ ಅಂಗವೊಂದಿದೆ. ಅದೇ ಯಕೃತ್ತು. ಉಂಡ ಅನ್ನದ ಸಾರವಾಗಲಿ, ಕುಡಿದ ಔಷಧವಾಗಲಿ ಕರುಳಿನಿಂದ ರಕ್ತಕ್ಕೆ ಸೇರಿದೊಡನೆ ಬಹುಪಾಲು ಮೊದಲು ಈ ಅಂಗವನ್ನೇ ಹಾದುಹೋಗಬೇಕು. ಸುಂಕದಕಟ್ಟೆಯ ಅಧಿಕಾರಿಯಂತೆ ಅದು ಬಂದ ಸರಕನ್ನು ಪರಿಶೀಲಿಸಿ, ಬೇಕಾದುದನ್ನು ಕೂಡಿಟ್ಟು, ಕೇಡಿನದನ್ನು ನಿರ್ವಿಷಗೊಳಿಸಿ ಹೊರದೂಡುತ್ತದೆ. ಆದುದರಿಂದಲೇ ಕೇಡಿನ ಮೊದಲ ಪೆಟ್ಟೂ ಅನೇಕ ವೇಳೆ ಅದಕ್ಕೇ ತಗಲುತ್ತದೆ. ಕಾರ್ಖಾನೆಯ ಗುಳಿಗೆ, ಹಿತ್ತಿಲಿನ ಬೇರು ಎಂಬ ಭೇದವನ್ನು ಯಕೃತ್ತು ಅರಿಯದು.

ಕನ್ನಡ ನಾಡಿನ ಹಿತ್ತಿಲುಗಳಲ್ಲಿ ಬೇವು, ಮಾವುಗಳನ್ನು ತಬ್ಬಿ ಬೆಳೆಯುವ ಬಳ್ಳಿ ಅಮೃತಬಳ್ಳಿ. ಇದರ ಎಲೆ ಹೃದಯದ ಆಕಾರದ್ದು. ರುಚಿ ಬಲು ಕಹಿ. ಆಯುರ್ವೇದದಲ್ಲಿ ಇದಕ್ಕೆ ಗುಡೂಚಿ ಎಂದು ಹೆಸರು. ಕಡಿದರೂ ಮತ್ತೆ ಚಿಗುರುವುದರಿಂದ ‘ಛಿನ್ನರುಹಾ’ ಎಂಬ ಸೊಗಸಾದ ಹೆಸರೂ ಉಂಟು. ಜ್ವರಕ್ಕೆ ಇದರ ಕಷಾಯ ಕೊಡುವ ರೂಢಿ ಬಹು ಹಳೆಯದು.

2020ರಲ್ಲಿ ಕೊರೋನಾ ವ್ಯಾಧಿ ದೇಶವನ್ನು ಆವರಿಸಿದಾಗ ಜನರು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಲು ಈ ಬಳ್ಳಿಯ ಮೊರೆಹೊಕ್ಕರು. ಆ ವರ್ಷದ ಅಕ್ಟೋಬರಿನಲ್ಲಿ ಆಯುಷ್ ಸಚಿವಾಲಯವು ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿಯಲ್ಲಿಯೂ ಗುಡೂಚಿಯ ಹೆಸರಿತ್ತು. ಜ್ವರ ಬಂದಾಗ ನಾಲ್ಕು ದಿನ ಕುಡಿಯುತ್ತಿದ್ದ ಕಷಾಯವನ್ನು ಆರೋಗ್ಯವಂತರೂ ತಿಂಗಳುಗಟ್ಟಲೆ ಕುಡಿಯತೊಡಗಿದರು. 

ಅದೇ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುಂಬಯಿಯ ವೈದ್ಯರ ಬಳಿಗೆ ಕಾಮಾಲೆಯಿಂದ ಬಳಲಿದ ಆರು ಮಂದಿ ಬಂದರು. ಕಾಮಾಲೆಯನ್ನು ಹರಡುವ ವೈರಾಣುಗಳು ಅವರಲ್ಲಿ ಕಾಣಲಿಲ್ಲ. ಎಲ್ಲರೂ ಸೇವಿಸಿದ್ದುದು ಅಮೃತಬಳ್ಳಿ. ಅವರಲ್ಲೊಬ್ಬ ಮಹಿಳೆ ಬದುಕಲಿಲ್ಲ. ಈ ವರದಿ 2021ರಲ್ಲಿ ಪ್ರಕಟವಾದಾಗ ಆಯುಷ್ ಸಚಿವಾಲಯವು ಅದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಜಾತಿಯ ಬಳ್ಳಿಯನ್ನು ಅವರು ಸೇವಿಸಿರಬಹುದೆಂದು ಶಂಕಿಸಿತು. ಈ ಶಂಕೆ ನಿರಾಧಾರವಾದುದೇನಲ್ಲ. ಗಂಟುಗಂಟಾದ ಕಾಂಡವುಳ್ಳ ಅಂತಹ ಬಳ್ಳಿಯೊಂದು ಉಂಟು. ಆದರೆ 2022ರಲ್ಲಿ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಹೊರಬಂದಿತು. ಅವರಲ್ಲಿ ಕಾಯಿಲೆಯು ಸಾಮಾನ್ಯವಾಗಿ ಸೇವನೆ ತೊಡಗಿದ ಸುಮಾರು ಒಂದೂವರೆ ತಿಂಗಳ ಮೇಲೆ ತಲೆದೋರಿತ್ತು.

ಈ ಹಾನಿ ಉಂಟಾಗುವ ಬಗೆ ವಿಚಿತ್ರವಾದುದು. ದೇಹವನ್ನು ಕಾಯುವ ರಕ್ಷಕ ಕಣಗಳು ದಾರಿ ತಪ್ಪಿ ಯಕೃತ್ತಿನ ಜೀವಕೋಶಗಳನ್ನೇ ಶತ್ರುಗಳೆಂದು ಬಗೆದು ಮೇಲೆ ಬೀಳುತ್ತವೆ. ಕೆಲವರಲ್ಲಿ ಈ ದೋಷ ಮೊದಲೇ ಸುಪ್ತವಾಗಿರುತ್ತದೆ. ಬಳ್ಳಿಯ ರಸ ಅದನ್ನು ಕೆರಳಿಸುತ್ತದೆ ಎಂದು ತಜ್ಞರು ಭಾವಿಸುತ್ತಾರೆ. ಯಾವ ಶಕ್ತಿ ಹೆಚ್ಚಲೆಂದು ಕಷಾಯ ಕುಡಿದರೋ ಆ ಶಕ್ತಿಯೇ ಅವರ ಮೇಲೆ ತಿರುಗಿಬಿದ್ದಿತ್ತು! ಕುಡಿದವರಿಗೆಲ್ಲ ಹೀಗಾಗುವುದಿಲ್ಲ, ಆದರೆ ಯಾರಿಗೆ ಆಗುವುದೆಂದು ಮೊದಲೇ ತಿಳಿಯುವ ಉಪಾಯವಿಲ್ಲ.

ಯಕೃತ್ತಿಗೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಅಪೂರ್ವ ಸಾಮರ್ಥ್ಯವಿದೆ. ಸೇವನೆಯನ್ನು ನಿಲ್ಲಿಸಿದ ಮೇಲೆ ಈ ರೋಗಿಗಳಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಕೆಲವರಿಗೆ ಸ್ಟೀರಾಯ್ಡ್ ಔಷಧವನ್ನೂ ಕೊಡಬೇಕಾಯಿತು. ಕಷಾಯವನ್ನು ಔಷಧವೆಂದೇ ಎಣಿಸದ ರೋಗಿಯು ವೈದ್ಯರ ಮುಂದೆ ಅದರ ಮಾತನ್ನೇ ಎತ್ತದಿರುವುದುಂಟು. ಆದುದರಿಂದ ಕಾಮಾಲೆಯೆಂದು ಬಂದವರನ್ನು ಯಕೃತ್ತಿನ ತಜ್ಞರು ಮಾತ್ರೆಗಳ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಮನೆಯಲ್ಲಿ ಯಾವ ಸೊಪ್ಪು, ಯಾವ ಪುಡಿ, ಎಷ್ಟು ದಿನದಿಂದ ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ.