ಗುಡ್ಡದ ಬುಡದಲ್ಲಿ ಕಂದಕ

ಶತ್ರುವು ಬಯಲಿನಿಂದ ಏರಿ ಬರುವಾಗ ರಕ್ಷಣೆಗೆ ಗುಡ್ಡದ ನೆತ್ತಿಯೇ ಲೇಸೆಂದು ಯಾರಾದರೂ ಹೇಳುವರು. ಗಿರಿದುರ್ಗಗಳ ನಾಡಿನವರಾದ ನಮಗಂತೂ ಇದು ಸಹಜವಾದ ಭಾವನೆ. ಆದರೆ 1899ರ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಮಾಗರ್ಸ್‌ಫಾಂಟೀನ್ ಎಂಬಲ್ಲಿ, ಬೋಯರ್ ಸೇನಾನಿ ಡೆ ಲಾ ರೇ ನೆತ್ತಿಯನ್ನು ಬಿಟ್ಟು ಗುಡ್ಡದ ಬುಡದ ಬಯಲಿನಲ್ಲಿ ಕಂದಕಗಳನ್ನು ತೋಡಿಸಿದನು. ಹಿರಿಯ ಸೇನಾಪತಿ ಕ್ರೊನ್ಯೆಗೆ ಈ ಯೋಜನೆ ಮೊದಲು ರುಚಿಸಲಿಲ್ಲ. ಇವರಲ್ಲಿ ಯಾರು ಸರಿ ಎಂಬುದನ್ನು ಗತಿವಿಜ್ಞಾನದ ಸಹಾಯದಿಂದ ವಿಚಾರಿಸೋಣ.

ಬೋಯರರು ಬಹುಮಟ್ಟಿಗೆ ಡಚ್ಚರ ಸಂತತಿಯ ರೈತರು. ಯುದ್ಧದ ಕರೆ ಬಂದಾಗ ಕುದುರೆಯೇರಿ, ಬಂದೂಕು ಹಿಡಿದು ಕೂಡುತ್ತಿದ್ದರು. (ಅವರೊಡನೆ ಬಂದು ದುಡಿದ ಆಫ್ರಿಕನ್ ಸೇವಕರನ್ನು ಚರಿತ್ರಕಾರರು ಬಹುಕಾಲ ಮರೆತಿದ್ದರು.) ಅವರಲ್ಲಿ ಬಹುಮಂದಿಯ ಕೈಯಲ್ಲಿದ್ದ 7 ಮಿಲಿಮೀಟರಿನ ಮೌಸರ್ ಬಂದೂಕಿನಿಂದ ಗುಂಡು ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಿಂದ ಹೊರಡುತ್ತಿತ್ತು. ಅದರ ಮದ್ದು ಹೊಗೆಯುಗುಳದು. ಆದುದರಿಂದ ಹೊಡೆದವನ ನೆಲೆ ಸುಲಭವಾಗಿ ತಿಳಿಯದು.

ನೆತ್ತಿಯ ಎತ್ತರ 50 ಮೀಟರ್, ಶತ್ರುವಿನ ದೂರ 200 ಮೀಟರ್ ಎಂದು ಇಟ್ಟುಕೊಳ್ಳೋಣ. ಗುಂಡು 4 ಮೀಟರ್ ಮುಂದೆ ಸಾಗುವಷ್ಟರಲ್ಲಿ 1 ಮೀಟರ್ ಇಳಿಯುತ್ತದೆ. 1.7 ಮೀಟರ್ ಎತ್ತರದ ಸೈನಿಕನ ತಲೆಯನ್ನು ಸವರಿಹೋದ ಗುಂಡು ಅವನ ಹಿಂದೆ ಸುಮಾರು 7 ಮೀಟರಿನಲ್ಲೇ ನೆಲಕ್ಕೆ ನಾಟುವುದು. ಅಪಾಯದ ಪಟ್ಟಿ ಇಷ್ಟೇ ಅಗಲ. ದೂರದ ಅಂದಾಜು ತುಸು ತಪ್ಪಿದರೂ ಏಟು ವ್ಯರ್ಥ.

ಈಗ ಕಂದಕದ ಅಂಚಿನಿಂದ, ನೆಲದ ಮಟ್ಟದಲ್ಲಿ, 400 ಮೀಟರ್ ದೂರಕ್ಕೆ ಹೊಡೆಯೋಣ. ಗಾಳಿಯ ತಡೆಯನ್ನು ಬಿಟ್ಟರೆ ಪಯಣದ ಕಾಲ ಸುಮಾರು 0.57 ಸೆಕೆಂಡ್, ಅದರ ಅರ್ಧದಷ್ಟು ಕಾಲದಲ್ಲಿ ವಸ್ತುವು ಬೀಳುವ ದೂರವೇ ಗುಂಡಿನ ಪಥದ ಗರಿಷ್ಠ ಎತ್ತರ. ಲೆಕ್ಕ ಮಾಡಿದರೆ ಅದು ಕೇವಲ 40 ಸೆಂಟಿಮೀಟರ್! ಗಾಳಿಯ ತಡೆಯಿಂದ ಇದು ತುಸು ಹೆಚ್ಚುವುದಾದರೂ ಮನುಷ್ಯನ ಎತ್ತರವನ್ನು ಮುಟ್ಟದು. ಎಂದರೆ 400 ಮೀಟರುಗಳ ಉದ್ದಕ್ಕೂ ಆ ಗೆರೆಯಲ್ಲಿ ನಿಂತವರಾರಿಗೂ ರಕ್ಷಣೆಯಿಲ್ಲ. ಅರೆಗತ್ತಲೆಯಲ್ಲಿ ದೂರವನ್ನು ಅಳೆಯುವ ಅಗತ್ಯವೇ ಇಲ್ಲ.

ಕಿಂಬರ್ಲಿಯ ಮುತ್ತಿಗೆಯನ್ನು ಬಿಡಿಸಲು ಹೊರಟಿದ್ದ ಬ್ರಿಟಿಷ್ ಸೇನಾಪತಿ ಮೆಥುಯೆನ್, ಡಿಸೆಂಬರ್ 10ರಂದು ಫಿರಂಗಿಗಳಿಂದ ಗುಡ್ಡವನ್ನು ಬಡಿಸಿದನು. ಆ ಗುಡ್ಡದ ಮೇಲೆ ಬೋಯರರ ಮುಖ್ಯ ಸಾಲು ಇರಲೇ ಇಲ್ಲ. ಮಳೆಗತ್ತಲೆಯಲ್ಲಿ ಒತ್ತೊತ್ತಾಗಿ ನಡೆದು ಬಂದ ಹೈಲೆಂಡ್ ದಳದ ಮೇಲೆ 11ರ ಮುಂಜಾನೆ ಕಂದಕಗಳು ಸಿಡಿದವು. ದಳಪತಿ ವಾಕೋಪ್ ಮಡಿದನು. ಸತ್ತ, ಗಾಯಗೊಂಡ, ಕಾಣೆಯಾದ ಬ್ರಿಟಿಷರು 900ಕ್ಕೂ ಹೆಚ್ಚು.

ಆದರೆ ಕಂದಕವು ಎದುರಾಗಿ ಬರುವವನನ್ನು ಮಾತ್ರ ತಡೆಯಬಲ್ಲದು. 1900ರ ಫೆಬ್ರವರಿಯಲ್ಲಿ ಫ್ರೆಂಚ್ ಎಂಬ ಸೇನಾನಿಯ ಅಶ್ವದಳವು ಅದನ್ನು ಬಳಸಿಕೊಂಡು ಹೋಗಿ 15ರಂದು ಕಿಂಬರ್ಲಿಯನ್ನು ತಲುಪಿತು. ಕ್ರೊನ್ಯೆ ಹಿಂದೆ ಸರಿಯಲೇಬೇಕಾಯಿತು. ಬಂಡಿಗಳನ್ನು ಬಿಟ್ಟು ಕುದುರೆಯೇರಿ ಹೋಗಿದ್ದರೆ ಅವನು ಉಳಿಯಬಹುದಿತ್ತೆಂದು ನಮಗೆ ತೋರುತ್ತದೆ. ಎತ್ತಿನ ಬಂಡಿಗಳು, ಹೆಂಗಸರು, ಮಕ್ಕಳೊಡನೆ ಅವನ ನಡೆ ನಿಧಾನವಾಯಿತು. ಪಾರ್ಡೆಬರ್ಗಿನ ಬಳಿ ಮಾಡರ್ ನದಿಯ ದಂಡೆಯಲ್ಲಿ ಅವನು ಸಿಕ್ಕಿಬಿದ್ದನು. ಅಲ್ಲಿಯೂ ಕಂದಕ ತೋಡಿದರು. 18ರಂದು ನೇರವಾಗಿ ಮೇಲೆ ಬಿದ್ದ ಬ್ರಿಟಿಷರು ಮತ್ತೆ ಬಹಳ ಜನರನ್ನು ಕಳೆದುಕೊಂಡರು. ಆದರೆ ಫಿರಂಗಿಗಳು ಕಂದಕದಲ್ಲಿದ್ದವರನ್ನಲ್ಲ, ಬಯಲಲ್ಲಿ ನಿಂತಿದ್ದ ಕುದುರೆ, ಎತ್ತುಗಳನ್ನು ಕೊಂದವು. ಫೆಬ್ರವರಿ 27ರಂದು ಕ್ರೊನ್ಯೆ ಸುಮಾರು 4,000 ಜನರೊಡನೆ ಶರಣಾದನು. ಕುದುರೆಯನ್ನು ಉಳಿಸಿಕೊಂಡ ಡೆ ಲಾ ರೇ 1902ರ ಮೇ 31ರ ಒಪ್ಪಂದದವರೆಗೂ ಸೆರೆಸಿಕ್ಕಲಿಲ್ಲ.