ಯಾವ ಹಲ್ಲು, ಏನು ತಿಳಿಯಬೇಕು?

ಹಲ್ಲು, ದವಡೆಗಳ ಸ್ಕ್ಯಾನ್ ಓದಿ ವರದಿ ಬರೆಯುವುದು ನನ್ನ ಕೆಲಸ. ದಾವಣಗೆರೆ ಸುತ್ತಮುತ್ತಲ ದಂತವೈದ್ಯರು ಚೀಟಿ ಕೊಟ್ಟು ರೋಗಿಗಳನ್ನು ಕಳಿಸುತ್ತಾರೆ. 'ಸಿಬಿಸಿಟಿ, ಎರಡೂ ದವಡೆ' ಎಂದಷ್ಟೇ ಬರೆದ ಚೀಟಿ ಬಂದರೆ ರೋಗಿಯನ್ನು ಕೂರಿಸಿ ಮೊದಲು ಆ ವೈದ್ಯರಿಗೆ ಫೋನ್ ಮಾಡುತ್ತೇನೆ. ಯಾವ ಹಲ್ಲು? ಏನು ತಿಳಿಯಬೇಕು? ಇವೆರಡಕ್ಕೂ ಉತ್ತರ ಸಿಗದೆ ಯಂತ್ರ ಚಾಲೂ ಮಾಡಬಾರದು ಎಂಬುದನ್ನು ನಾನು ಕೆಲಸ ಮಾಡುತ್ತಲೇ ಕಲಿತೆ.

ಸಿಬಿಸಿಟಿ ಎಂದರೆ ಕೋನ್ ಬೀಮ್ ಸಿಟಿ. ಇದರಲ್ಲಿ ಎಕ್ಸ್‌ರೇ ಕಿರಣ ಶಂಕುವಿನ ಆಕಾರದಲ್ಲಿ ಹೊರಟು ಎದುರಿನ ಚಪ್ಪಟೆ ಸೆನ್ಸರ್ ಮೇಲೆ ಬೀಳುತ್ತದೆ. ತಲೆಯ ಸುತ್ತ ಒಂದೇ ಸುತ್ತು, ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಅಷ್ಟರಲ್ಲಿ ಸಿಕ್ಕ ನೂರಾರು ಚಿತ್ರಗಳಿಂದ ಕಂಪ್ಯೂಟರ್ ಮೂರು ಆಯಾಮದ ದವಡೆಯನ್ನು ಕಟ್ಟುತ್ತದೆ. ಅದರ ಲೆಕ್ಕಾಚಾರವನ್ನು ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್ 1984ರಲ್ಲೇ ಕೊಟ್ಟಿದ್ದರು. ಹಲ್ಲಿನ ಚಿತ್ರಣಕ್ಕೆ ಅದು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ: ಇಟಲಿಯಲ್ಲಿ ಮೊಝೊ ಮತ್ತು ಸಂಗಡಿಗರಿಂದ, ಜಪಾನಿನಲ್ಲಿ ಯೋಶಿನೋರಿ ಅರಾಯಿ ಅವರಿಂದ. ಕೆಲವೇ ಹಲ್ಲುಗಳಷ್ಟು ಜಾಗವನ್ನು ಮಾತ್ರ ತೆಗೆಯುವ ಸಣ್ಣ ಯಂತ್ರ ಅರಾಯಿ ಅವರದು. ನನಗೆ ಅವರ ಮೇಲೆ ಹೆಚ್ಚು ಗೌರವ.

ಯಾಕೆಂದರೆ ಎಷ್ಟು ಜಾಗ ತೆಗೆಯುತ್ತೇವೆ ಎನ್ನುವುದರ ಮೇಲೆ ಉಳಿದೆಲ್ಲ ನಿಂತಿದೆ. ಚನ್ನಗಿರಿ ಕಡೆಯ ಒಬ್ಬ ಅಜ್ಜಿಯನ್ನು ಇಡೀ ಬಾಯಿಯ ಸ್ಕ್ಯಾನಿಗೆ ಕಳಿಸಿದ್ದರು. ಲೋಹ ಏನೂ ಇರಬಾರದು ಎಂದಾಗ ಓಲೆ ಬಿಚ್ಚಿಕೊಟ್ಟರು. 'ಮೂಗಿಂದು ಬ್ಯಾಡ್ರಿ ಡಾಕ್ಟ್ರೇ, ಮದುವ್ಯಾಗ ಚುಚ್ಚಿಸಿದ್ದು, ತಿರುಪೂ ಬರಾಂಗಿಲ್ಲ' ಎಂದು ಮೂಗುತಿಗೆ ಕೈ ಅಡ್ಡ ಹಿಡಿದರು. ವೈದ್ಯರಿಗೆ ಫೋನ್ ಮಾಡಿದೆ. ಕೆಳದವಡೆಯ ಬಲಗಡೆ ಒಂದು ಇಂಪ್ಲಾಂಟ್ ಕೂರಿಸಬೇಕು, ನರ ಎಷ್ಟು ದೂರದಲ್ಲಿದೆ ಎಂದು ಗೊತ್ತಾದರೆ ಸಾಕು ಎಂದರು. 5 ಸೆಂಟಿಮೀಟರ್ ಎತ್ತರ, 5 ಸೆಂಟಿಮೀಟರ್ ಅಗಲಕ್ಕೆ ಇಳಿಸಿದೆ. ಮೂಗುತಿ ಕಿರಣದ ದಾರಿಗೇ ಬರಲಿಲ್ಲ. 'ಎಂಜಲು ಈಗಲೇ ನುಂಗಿಬಿಡಿ ಅಜ್ಜಿ, ಆಮೇಲೆ ಅಲ್ಲಾಡಬೇಡಿ' ಎಂದೆ. ಗದ್ದ ಊರಿ ಕಲ್ಲಿನಂತೆ ನಿಂತರು. ಸ್ಲೈಸ್‌ಗಳಲ್ಲಿ ಕಂಡದ್ದೇನು? ಮೊದಲೇ ತೆಗೆಸಿದ್ದ ಓಪಿಜಿಯಲ್ಲಿ, ಅಂದರೆ ಇಡೀ ದವಡೆಯ ಎಕ್ಸ್‌ರೇಯಲ್ಲಿ, ನರದ ಕಾಲುವೆಯವರೆಗೂ ಮೂಳೆ ಧಾರಾಳವಾಗಿತ್ತು. ಆದರೆ ಅದು ಚಪ್ಪಟೆ ಚಿತ್ರ. ಅಡ್ಡಕ್ಕೆ ಕೊಯ್ದು ನೋಡಿದರೆ ನಾಲಿಗೆ ಕಡೆ ಮೂಳೆ ಒಳಕ್ಕೆ ಬಾಗಿ ಕೆಳಗೆ ಕಿರಿದಾಗಿತ್ತು. ನೇರವಾಗಿ ಕೊರೆದಿದ್ದರೆ ಡ್ರಿಲ್ ಅಲ್ಲಿಂದ ಆಚೆ ತೂರುತ್ತಿತ್ತು. ಆ ಜಾಗದಲ್ಲಿ ರಕ್ತನಾಳಕ್ಕೆ ಪೆಟ್ಟಾದರೆ ಬಾಯಿಯ ತಳ ಊದಿ ಉಸಿರಿಗೇ ಕುತ್ತು ಬರಬಹುದು. ವೈದ್ಯರು ಗಿಡ್ಡ ಇಂಪ್ಲಾಂಟ್ ಆರಿಸಿಕೊಂಡರು.

ಸಣ್ಣ ಜಾಗದ ಸ್ಕ್ಯಾನಿಗೆ ಸಾಮಾನ್ಯವಾಗಿ ಹತ್ತಾರು ಮೈಕ್ರೋಸೀವರ್ಟ್ ವಿಕಿರಣ ಸಾಕು. ಇಡೀ ಮುಖದ್ದಾದರೆ ನೂರು ದಾಟುವುದುಂಟು. ನೆಲ, ಗಾಳಿ, ಆಕಾಶದಿಂದಲೇ ನಮಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ, ಆದ್ದರಿಂದ ದೊಡ್ಡವರು ಹೆದರಿ ಅಗತ್ಯದ ಸ್ಕ್ಯಾನ್ ಬಿಡಬೇಕಾಗಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಲು ಬರುವ ಮಕ್ಕಳ ವಿಷಯದಲ್ಲಿ ಮಾತ್ರ ನಾನು ಜಗ್ಗುವುದಿಲ್ಲ. ಅವರ ಬೆಳೆಯುವ ಜೀವಕೋಶಗಳಿಗೆ ವಿಕಿರಣ ಹೆಚ್ಚು ತಾಗುತ್ತದೆ. 'ಇರಲಿ ಅಂತ' ಒಂದು ಸ್ಕ್ಯಾನ್ ಮಾಡುವುದು ಅವರಿಗೆ ಅನ್ಯಾಯ.

ಕಂಡದ್ದನ್ನೆಲ್ಲ ನಂಬುವಂತೆಯೂ ಇಲ್ಲ. ರೂಟ್ ಕೆನಾಲ್ ಆಗಿ ಒಳಗೆ ಲೋಹದ ಪೋಸ್ಟ್ ಇಟ್ಟ ಹಲ್ಲು ನೋಯುತ್ತಿದ್ದರೆ 'ಬೇರು ಸೀಳಿದೆಯೇ?' ಎಂದು ಕೇಳಿ ಕಳಿಸುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಲೋಹದಿಂದ ಹೊರಡುವ ಕಪ್ಪು ಗೆರೆ ಸೀಳಿನ ಹಾಗೆಯೇ ಕಾಣುತ್ತದೆ. ಆ ಗೆರೆಯೊಂದನ್ನೇ ನೆಚ್ಚಿ ಹಲ್ಲು ಕೀಳಿಸುವ ವರದಿ ನಾನು ಬರೆಯುವುದಿಲ್ಲ. ಬೇರಿನ ಪಕ್ಕದ ಮೂಳೆ ಉದ್ದಕ್ಕೆ ಕರಗಿದೆಯೇ, ಒಸಡಿನಲ್ಲಿ ಒಂದೇ ಕಡೆ ಆಳದ ಸಂದು ಸಿಗುತ್ತದೆಯೇ ಎಂದು ನೋಡಿ, ಕೇಳಿ, ಆಮೇಲೆ ಪೆನ್ನು ಹಿಡಿಯುತ್ತೇನೆ.

ನನ್ನನ್ನು ಎಲ್ಲಕ್ಕಿಂತ ಕಾಡುವುದು ಗುಟ್ಕಾ ತಿನ್ನುವವರ ಕೆನ್ನೆಯ ಹುಣ್ಣು. ತಿಂಗಳುಗಟ್ಟಲೆ ಮಾಯದ, ಕ್ಯಾನ್ಸರ್ ಇರಬಹುದಾದ ಹುಣ್ಣಿಗೆ ಮೊದಲ ಪರೀಕ್ಷೆಯಾಗಿ ಸಿಬಿಸಿಟಿ ಬರೆದುಕೊಡುವುದುಂಟು. ಈ ಯಂತ್ರ ಮೂಳೆಯನ್ನು ಚೆನ್ನಾಗಿ ತೋರಿಸುತ್ತದೆ. ಕೆನ್ನೆ, ನಾಲಿಗೆಯ ಮಾಂಸದಲ್ಲಿ ಗಡ್ಡೆ ಎಲ್ಲಿಯವರೆಗೆ ಹಬ್ಬಿದೆ ಎಂದು ತೋರಿಸದು. ಅದಕ್ಕೆ ಔಷಧಿ ಕೊಟ್ಟು ತೆಗೆಯುವ ಸಿಟಿ ಅಥವಾ ಎಂಆರ್‌ಐ ಬೇಕು, ಅದಕ್ಕೂ ಮುಂಚೆ ಬಯಾಪ್ಸಿ ಆಗಬೇಕು. ಇಂಥವರನ್ನು ನಾನು ಯಂತ್ರದ ಹತ್ತಿರ ಕರೆದೊಯ್ಯುವುದಿಲ್ಲ. ಟಾರ್ಚ್ ಹಾಕಿ ಬಾಯಿ ನೋಡಿ, ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಿ, ಬಯಾಪ್ಸಿಗೆ ಅಂದೇ ವ್ಯವಸ್ಥೆ ಮಾಡಲು ವೈದ್ಯರ ಜೊತೆ ಮಾತಾಡುತ್ತೇನೆ. 'ಅಷ್ಟು ದೂರದಿಂದ ಬಂದಿದೀವಿ, ಸ್ಕ್ಯಾನ್ ಮಾಡದೇ ಕಳಿಸ್ತೀರಾ ಮೇಡಂ?' ಎಂದು ಜೊತೆಗೆ ಬಂದ ಮಗ ಬೇಸರಪಟ್ಟರೆ ಕೂರಿಸಿ ಹೇಳುತ್ತೇನೆ: ಇದರಲ್ಲಿ ನಿಮ್ಮ ಅಪ್ಪನ ಹುಣ್ಣು ಕಾಣೋದಿಲ್ಲ, ಈ ದುಡ್ಡು ಇಟ್ಟುಕೊಳ್ಳಿ, ಮುಂದಿನ ಪರೀಕ್ಷೆಗೆ ಬೇಕಾಗುತ್ತೆ, ಇವತ್ತೇ ಹೊರಡಿ.